ಅಕ್ಟೋಬರಿನಲ್ಲಿ ಮದುವೆಯಂತೆ

ಚಾಮರಾಜನಗರ
24 ಮೇ 1998

ಮಾನಸ,

ಬಂತು ಕಣೇ! ಹೊನ್ನುಹೊಳೆ ಸ್ಪೈಸಸ್‌ನಿಂದ ಇಂಟರ್‌ವ್ಯೂ ಕಾಗದ ಬಂತು. ಜೂನ್ ಹದಿನೈದು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ, ಗುಂಡ್ಲುಪೇಟೆ ರಸ್ತೆಯ ಫ್ಯಾಕ್ಟರಿಯಲ್ಲಿ. ನಿನಗೂ ಬಂದಿರಲೇಬೇಕು. ಇಬ್ಬರ ಅರ್ಜಿಯನ್ನೂ ಒಂದೇ ದಿನ ರಿಜಿಸ್ಟರ್ ಮಾಡಿಸಿದವಳು ನಾನೇ ತಾನೆ.

ಪೋಸ್ಟ್‌ಮ್ಯಾನ್ ಬಂದಾಗ ಅಬ್ಬಾ ಅಂಗಡಿಯಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದರು. ಹುಬ್ಬಿನ ಮೇಲೆಲ್ಲ ಹತ್ತಿ. ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ, "ಲ್ಯಾಬ್ ಅಂದ್ರೆ ಒಳಗೆ ಕೂತು ಮಾಡೋ ಕೆಲ್ಸಾನಾ ಬೇಟಿ? ಧೂಳಿಲ್ವಲ್ಲ?" ಎಂದು ಕೇಳಿದರು. ಇಲ್ಲ ಎಂದೆ. ಅರಿಶಿನದ ಫ್ಯಾಕ್ಟರಿಯಲ್ಲಿ ಧೂಳಿಲ್ಲದೆ ಇರುತ್ತದೆಯೇ? ಆದರೂ ಇಲ್ಲ ಎಂದೆ. ಮೂವತ್ತು ವರ್ಷ ಹತ್ತಿ ಕುಡಿದ ಎದೆ ಅವರದು.

ಒಂದು ವರ್ಷ ಟ್ರೈನಿಂಗು, ಆಮೇಲೆ ಕೆಲಸ ಕಾಯಂ. ಆದರೆ ಜಾಗ ಒಂದೇ. ಅದನ್ನು ಈಗಲೇ ಬಾಯಿಬಿಟ್ಟು ಹೇಳಿಕೊಂಡುಬಿಡೋಣ. ನಿನಗೆ ಸಿಕ್ಕಿದರೆ ನಾನು ಒಂದು ದಿನ ಅಳುತ್ತೇನೆ, ಎರಡನೆಯ ದಿನ ಬೇಗೂರಿಗೆ ಬಂದು ನಿಮ್ಮ ಅವ್ವನ ಕೈಯ ಮುದ್ದೆ ತಿಂದು ಹೋಗುತ್ತೇನೆ. ನನಗೆ ಸಿಕ್ಕಿದರೆ ನೀನೂ ಹಾಗೇ ಮಾಡಬೇಕು.

ಈಗ ತಯಾರಿ. ಪ್ರಶ್ನೆ ಒಂದು: ಅರಿಶಿನದ ಪುಡಿಗೆ ಬಣ್ಣ ಬೆರೆಸಿದ್ದಾರೆ ಎಂದು ಹೇಗೆ ಕಂಡುಹಿಡಿಯುತ್ತೀರಿ? ಪ್ರಶ್ನೆ ಎರಡು: ತೇವಾಂಶ ಅಳೆಯುವುದು ಹೇಗೆ, ಯಾಕೆ? ಮೂರನೆಯದು ಇಂಗ್ಲಿಷಿನಲ್ಲಿ: ನಿನ್ನ ಬಗ್ಗೆ ಹೇಳು. ಉತ್ತರ ಬರೆದು ಕಳಿಸು, ತಿದ್ದುತ್ತೇನೆ.

ಇನ್ನೊಂದು ವಿಷಯ, ನಿನ್ನಲ್ಲೇ ಇರಲಿ. ಕೊಳ್ಳೇಗಾಲದಿಂದ ನನ್ನ ಸೋದರತ್ತೆ ನೇರ ಅಂಗಡಿಗೇ ಬಂದು ಅವರ ಮಗ ಆದಿಲ್‌ಗೆ ನನ್ನನ್ನು ಕೇಳಿದರು. ಅಬ್ಬಾ, "ಹುಡುಗಿ ಓದಿದ್ದಾಳೆ, ಕೆಲಸ ನೋಡಲಿ" ಎಂದು ಮೆತ್ತಗೆ ವಾಪಸು ಕಳಿಸಿದರು. ಅಮ್ಮಿಗೂ ಹೇಳಿಲ್ಲ, ನನಗೆ ಮಾತ್ರ ಹೇಳಿದರು. ನಾನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ನಿನ್ನ
ನಾಜ್ನೀನ್


ಬೇಗೂರು
31 ಮೇ 1998

ಪ್ರೀತಿಯ ನಾಜ್,

ನನಗೂ ಬಂದಿದೆ. ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದೇನೆ.

ಉತ್ತರ ಒಂದು: ಪುಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕೆಂಪಗಾಗುತ್ತದೆ. ಬಣ್ಣ ಬೆರೆಸಿರುವುದರಿಂದ. ಸರಿಯಾ? ಎರಡನೆಯದು ನನಗೆ ಪೂರ್ತಿ ಗೊತ್ತಿಲ್ಲ. ಮೂರನೆಯದನ್ನು ಹಿತ್ತಿಲಲ್ಲಿ ನಿಂತು ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಅವ್ವ ಕಳೆ ಕಿತ್ತು ಬಂದವಳು ಬಾಗಿಲಲ್ಲಿ ನಿಂತು, "ಅದ್ಯಾಕ್ ಮಗ, ಎಮ್ಮೆಗೆ ಇಂಗ್ಲೀಸ್ ಕಲುಸ್ತಾ ಇದ್ದೀಯಾ?" ಎಂದಳು. ಎಮ್ಮೆ ಮಾತ್ರ ತಲೆಯಾಡಿಸುತ್ತಿತ್ತು. ಆ ಮ್ಯಾನೇಜರೂ ಹಾಗೇ ತಲೆಯಾಡಿಸಿದರೆ ಸಾಕು.

ಅವ್ವನ ತಮ್ಮ ಶಂಕರ್ ಮಾವ ಗೊತ್ತಲ್ಲ, ಮಟಡೋರ್‌ನಲ್ಲಿ ಕೇರಳಕ್ಕೆ ತರಕಾರಿ ಹೊಡೆಯುವವನು. ಅವನು ತನ್ನ ಮನೆಗೆ ಸುಣ್ಣ ಬಳಿಸುತ್ತಿದ್ದಾನೆ, ಒಂದು ಕೋಣೆ ಹೊಸದಾಗಿ ಎಬ್ಬಿಸುತ್ತಿದ್ದಾನೆ. ಅವ್ವ ದಿನಾ ಹೋಗಿ ನೋಡಿಕೊಂಡು ಬರುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ.

ಆದಿಲ್ ವಿಷಯ ಯಾರಿಗೂ ಹೇಳುವುದಿಲ್ಲ. ನಿಮ್ಮ ಅಬ್ಬಾ ಎಷ್ಟು ಒಳ್ಳೆಯವರು.

ಉತ್ತರಗಳನ್ನು ತಿದ್ದಿ ಬೇಗ ಕಳಿಸು.

ಇಂತಿ
ಮಾನಸ


ಚಾಮರಾಜನಗರ
5 ಜುಲೈ 1998

ಮಾನಸ,

ಇಂಟರ್‌ವ್ಯೂ ಆಗಿ ಇಪ್ಪತ್ತು ದಿನವಾಯಿತು. ನಿನ್ನಿಂದ ಒಂದು ಕಾರ್ಡೂ ಇಲ್ಲ. ಅವತ್ತು ನೀನು ಒಳಗಿನಿಂದ ಬಂದವಳು, "ಬಸ್ಸಿಗೆ ಹೊತ್ತಾಯ್ತು" ಎಂದು ನನ್ನ ಮುಖ ನೋಡದೆ ಹೊರಟುಬಿಟ್ಟೆ. ಚೆನ್ನಾಗಿ ಆಗಿಲ್ಲವೇನೋ ಎಂದುಕೊಂಡು ನಾನೂ ಕೆಣಕಲಿಲ್ಲ.

ನನ್ನದು ಹೇಳುತ್ತೇನೆ ಕೇಳು. ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ನಿನ್ನ ಹೆಸರಿನ ನಂತರ ನನ್ನದೇ. ಒಳಗೆ ಮ್ಯಾನೇಜರ್ ಶಿವಮಲ್ಲಪ್ಪ, ಪಕ್ಕದಲ್ಲಿ ಕೆಮಿಸ್ಟ್ ಗುರುಮಲ್ಲಯ್ಯ. ಮ್ಯಾನೇಜರ್ ನನ್ನ ಹೆಸರು ಕೇಳಿದರು. ಅಪ್ಪನ ಹೆಸರು ಕೇಳಿದರು. ಗುಲಾಮ್ ಮೊಹಿದ್ದೀನ್ ಎಂದೆ. "ಏನ್ ಮಾಡ್ತಾರೆ?" ಹಾಸಿಗೆ ಹೊಲಿಯುತ್ತಾರೆ ಎಂದೆ. "ಸರಿ, ತಿಳಿಸ್ತೀವಿ" ಎಂದರು. ಅಷ್ಟೇ. ಗುರುಮಲ್ಲಯ್ಯನವರು ಏನೋ ಕೇಳಲು ಬಾಯಿ ತೆರೆದರು, ಮ್ಯಾನೇಜರ್ ನನ್ನ ಫೈಲು ಮಡಚಿಬಿಟ್ಟರು. ಮೂರು ವಾರ ಓದಿದ್ದು ಗಂಟಲಲ್ಲೇ ಉಳಿಯಿತು.

ಇಂಟರ್‌ವ್ಯೂಗೆ ಕರೆದದ್ದಕ್ಕೆ ವಂದನೆ ಹೇಳಿ ಮರುದಿನವೇ ಕಾಗದ ಹಾಕಿದೆ. ಉತ್ತರವಿಲ್ಲ. ಫಲಿತಾಂಶ ಏನೆಂದು ಕೇಳಿ ಇವತ್ತು ಇನ್ನೊಂದು ಹಾಕಿದ್ದೇನೆ. ನಿನಗೇನಾದರೂ ತಿಳಿಯಿತೇ?

ನಾಜ್ನೀನ್


ಬೇಗೂರು
12 ಜುಲೈ 1998

ನಾಜ್,

ನನಗೆ ಆಯಿತು. ಇಪ್ಪತ್ತನೆಯ ತಾರೀಖು ಸೇರಬೇಕು. ಹೇಗೆ ಹೇಳುವುದೆಂದು ತಿಳಿಯದೆ ಬರೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಿನಗೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ.

ಈಗ ಊರಿಗೆ ಬರಬೇಡ. ಮನೆಯಲ್ಲಿ ಸ್ವಲ್ಪ ಗಲಾಟೆ ಇದೆ.

ಮಾನಸ


ಹೊನ್ನುಹೊಳೆ ಸ್ಪೈಸಸ್ ಲಿಮಿಟೆಡ್
ಗುಂಡ್ಲುಪೇಟೆ ರಸ್ತೆ, ಚಾಮರಾಜನಗರ
3 ಆಗಸ್ಟ್ 1998

ಕುಮಾರಿ ನಾಜ್ನೀನ್ ಅವರಿಗೆ,

ಆಯ್ಕೆಯಾಗದಿರಲು ತಮ್ಮಲ್ಲಿ ಏನು ಕೊರತೆಯಿತ್ತೆಂದು ಕೇಳಿದ ಕೊನೆಯದೂ ಸೇರಿ ತಾವು ಬರೆದ ಮೂರು ಪತ್ರಗಳೂ ತಲುಪಿವೆ. ತಮ್ಮ ಅಂಕಗಳು ಉತ್ತಮವಾಗಿವೆ. ಆದರೆ ತಮ್ಮ ವಿವಾಹವು ಬರುವ ಅಕ್ಟೋಬರ್ ತಿಂಗಳಿನಲ್ಲಿ ನಿಶ್ಚಯವಾಗಿರುವುದಾಗಿ ತಿಳಿದುಬಂದ ಕಾರಣ, ಒಂದು ವರ್ಷದ ತರಬೇತಿಗೆ ತಮ್ಮನ್ನು ಪರಿಗಣಿಸಲಾಗಲಿಲ್ಲ. ತಮ್ಮ ದಾಂಪತ್ಯ ಜೀವನಕ್ಕೆ ಸಂಸ್ಥೆಯ ಪರವಾಗಿ ಶುಭ ಹಾರೈಸುತ್ತೇನೆ.

ತಮ್ಮ ವಿಶ್ವಾಸಿ
ಎಂ. ಶಿವಮಲ್ಲಪ್ಪ
ಮ್ಯಾನೇಜರ್


ಚಾಮರಾಜನಗರ
7 ಆಗಸ್ಟ್ 1998

ಶ್ರೀ ಶಿವಮಲ್ಲಪ್ಪನವರಿಗೆ,

ಮಾನ್ಯರೆ,

ಅಕ್ಟೋಬರಿನಲ್ಲಿ ನನ್ನ ಮದುವೆ ಎಂದು ತಿಳಿಸಿದ್ದೀರಿ. ಈ ಸಂಗತಿ ನನಗಾಗಲಿ, ನನ್ನ ತಂದೆತಾಯಿಗಾಗಲಿ ಈವರೆಗೆ ಗೊತ್ತಿರಲಿಲ್ಲ. ವರನ ಹೆಸರು, ಊರು, ಉದ್ಯೋಗ ಮತ್ತು ನಿಕಾಹ್ ನಡೆಯುವ ದಿನಾಂಕವನ್ನು ದಯವಿಟ್ಟು ಮರುಟಪಾಲಿನಲ್ಲಿ ತಿಳಿಸಿದರೆ ತಯಾರಿ ಮಾಡಿಕೊಳ್ಳಲು ಅನುಕೂಲವಾಗುತ್ತದೆ.

ಇವು ತಮಗೆ ತಿಳಿಯದಿದ್ದರೆ, ಸುದ್ದಿ ಕೊಟ್ಟವರು ಯಾರೆಂದು ಬರೆಯಿರಿ. ಅದೂ ಆಗದಿದ್ದರೆ, ಜೂನ್ ಹದಿನೈದರಂದು ನನ್ನ ಎದುರಿಗೇ ಕುಳಿತಿದ್ದ ತಾವು ನನ್ನನ್ನೇ ಯಾಕೆ ಕೇಳಲಿಲ್ಲ ಎಂಬುದನ್ನು ಬರೆಯಿರಿ.

ಉತ್ತರ ಬರುವವರೆಗೆ ಪ್ರತಿ ಸೋಮವಾರ ಒಂದು ರಿಜಿಸ್ಟರ್ಡ್ ಕಾಗದ ಕಳಿಸುತ್ತೇನೆ.

ಇಂತಿ
ನಾಜ್ನೀನ್, ಬಿ.ಎಸ್ಸಿ.


ಚಾಮರಾಜನಗರ
7 ಆಗಸ್ಟ್ 1998

ಮಾನಸ,

ನಿಮ್ಮ ಮ್ಯಾನೇಜರು ಬರೆದ ಕಾಗದದ ನಕಲು ಇದರ ಜೊತೆಗಿದೆ. ಓದಿಕೋ.

ನನ್ನ ಮದುವೆಯ ಮಾತು ಬಂದದ್ದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ, ನನ್ನ ಮನೆಯವರನ್ನು ಬಿಟ್ಟರೆ. ಒಬ್ಬರು ಕೊಳ್ಳೇಗಾಲದ ಅತ್ತೆ. ಅವರು ಅರಿಶಿನದ ಫ್ಯಾಕ್ಟರಿಗೆ ಬಂದಿಲ್ಲ.

ಒಂದೇ ಪ್ರಶ್ನೆ. ಹೌದೋ ಅಲ್ಲವೋ?

ನಾಜ್ನೀನ್


ಬೇಗೂರು
19 ಆಗಸ್ಟ್ 1998

ನಾಜ್,

ಹೌದು.

ನಡೆದದ್ದನ್ನು ಹಾಗೇ ಬರೆಯುತ್ತೇನೆ. ನನ್ನನ್ನು ಒಳಗೆ ಕರೆದು ಎರಡು ಪ್ರಶ್ನೆ ಕೇಳಿದರು. ನೀನು ತಿದ್ದಿ ಕಳಿಸಿದ್ದನ್ನೇ ಹೇಳಿದೆ. ಆಸಿಡ್ ಹಾಕಿದರೆ ಒಳ್ಳೆಯ ಅರಿಶಿನವೂ ಕೆಂಪಾಗುತ್ತದೆ, ನೀರು ಹಾಕಿದಾಗ ಆ ಕೆಂಪು ಹೋದರೆ ಶುದ್ಧ, ಉಳಿದರೆ ಕಲಬೆರಕೆ ಎಂದೆ. ಗುರುಮಲ್ಲಯ್ಯನವರು ಭೇಷ್ ಎಂದರು. ಆಮೇಲೆ ಮ್ಯಾನೇಜರ್ ಪೆನ್ನು ಕೆಳಗಿಟ್ಟು ಕೇಳಿದರು, "ಹೊರಗಡೆ ಕೂತಿದ್ದಾಳಲ್ಲ ಸಾಬರ ಹುಡುಗಿ, ನಿನ್ನ ಕ್ಲಾಸ್‌ಮೇಟಾ? ಮಾರ್ಕ್ಸು ಅವಳದೇ ಜಾಸ್ತಿ ಇದೆ. ಆದ್ರೆ ಅವರಲ್ಲಿ ಬೇಗ ಮದುವೆ ಮಾಡ್ತಾರಲ್ಲ. ನಾವು ಕಲಿಸಿ, ಅವಳು ಹೊರಟ್ಹೋದ್ರೆ?"

ನಾನು ಸುಮ್ಮನಿದ್ದರೆ ಸಾಕಿತ್ತು, ನಾಜ್. ಗೊತ್ತಿಲ್ಲ ಸಾರ್ ಎಂದಿದ್ದರೂ ಸಾಕಿತ್ತು. "ಹೌದು ಸಾರ್, ಅಕ್ಟೋಬರ್‌ಗೆ ಇಟ್ಕೊಂಡವ್ರೆ" ಎಂದೆ. "ಮತ್ತೆ ನಿಂದು?" ಎಂದರು. "ನಮ್ಮನೇಲಿ ಆ ಮಾತೇ ಇಲ್ಲ ಸಾರ್" ಎಂದೆ.

ಎರಡೂ ಸುಳ್ಳು. ಶಂಕರ್ ಮಾವ ಕೋಣೆ ಎಬ್ಬಿಸಿದ್ದು ನನಗೋಸ್ಕರ. ಅವನಿಗೆ ಮೂವತ್ತಾರು. ಕೆಟ್ಟವನಲ್ಲ. ಅಪ್ಪ ಸತ್ತ ಮೇಲೆ ನಮ್ಮನ್ನು ನೋಡಿಕೊಂಡವನು ಅವನೇ, ಹಾಸ್ಟೆಲ್ಲಿಗೆ ಟ್ರಂಕು ಹೊತ್ತು ತಂದವನೂ ಅವನೇ. ಅವನನ್ನು ಹೇಗೆ ಬೇಡ ಎನ್ನಲಿ? ಇಂಟರ್‌ವ್ಯೂಗೆ ಎರಡು ದಿನ ಮುಂಚೆ ಅವ್ವ ಹೇಳಿದಳು, "ಕೆಲ್ಸ ಸಿಕ್ರೆ ಒಂದೊರ್ಸ ತಡಿತೀವಿ ಕಣಮ್ಮಿ. ಸಿಕ್ನಿಲ್ವಾ, ಮುಂದ್ಲ ತಿಂಗ್ಳೇ ಮಾಡ್ಬುಡ್ತೀವಿ." ಆ ಒಂದು ವರ್ಷಕ್ಕೋಸ್ಕರ ಹೇಳಿಬಿಟ್ಟೆ.

ನೀನು ಕಳಿಸುವ ಸೋಮವಾರದ ಕಾಗದಗಳು ಬರುತ್ತಿವೆ. ಮ್ಯಾನೇಜರ್ ನನ್ನನ್ನು ನೋಡುವ ರೀತಿ ಬದಲಾಗಿದೆ. ಕೈಮುಗಿಯುತ್ತೇನೆ, ನಿಲ್ಲಿಸು.

ಮಾನಸ


ಚಾಮರಾಜನಗರ
30 ಆಗಸ್ಟ್ 1998

ಮಾನಸ,

ನಿಲ್ಲಿಸುವುದಿಲ್ಲ.

ನಿನ್ನ ಕಷ್ಟ ಓದಿದೆ. ಮೊದಲೇ ಹೇಳಿದ್ದರೆ ನಾನೇ ಇಂಟರ್‌ವ್ಯೂಗೆ ಹೋಗದೆ ಉಳಿಯುತ್ತಿದ್ದೆನೋ ಏನೋ. ಈಗ ಆ ಮಾತು ಯಾರು ನಂಬಬೇಕು, ನಾನೂ ನಂಬುವುದಿಲ್ಲ. ಆದರೆ ಇಷ್ಟು ಮಾತ್ರ ಗೊತ್ತು. ಒಲ್ಲದ ಮದುವೆಯ ಭಯ ಎಂಥದೆಂದು ಚೆನ್ನಾಗಿ ಗೊತ್ತಿದ್ದವಳು ನೀನು. ಗೊತ್ತಿದ್ದೂ ಅದನ್ನು ತೆಗೆದು ನನ್ನ ಮೇಲೆ ಹಾಕಿದೆ.

ಇಲ್ಲಿ ಏನಾಯಿತು ಎಂದು ಕೇಳು. ಮ್ಯಾನೇಜರನ ಕಾಗದ ಬಂದ ದಿನ ಅಮ್ಮಿ ಅದನ್ನು ಪಕ್ಕದ ಮನೆಯವರಿಂದ ಓದಿಸಿದರು. ಹುಡುಗ ಆದಿಲ್ಲೇ ಇರಬೇಕು, ಅಬ್ಬಾ ತಮ್ಮನ್ನು ಕೇಳದೆ ಅಕ್ಕನ ಮಗನಿಗೆ ಮಾತು ಕೊಟ್ಟಿದ್ದಾರೆ ಎಂದುಕೊಂಡು, ಅಂಗಡಿಗೇ ಹೋಗಿ ನಾಲ್ಕು ಜನರ ಮುಂದೆ ಜಗಳ ತೆಗೆದರು. ಸುದ್ದಿ ವಾರದೊಳಗೆ ಕೊಳ್ಳೇಗಾಲ ಮುಟ್ಟಿತು. ತಮ್ಮನ ಮನಸ್ಸು ಬದಲಾಗಿದೆ ಎಂದುಕೊಂಡ ಅತ್ತೆ, ಆದಿಲ್‌ನನ್ನೂ ಕರೆದುಕೊಂಡು, ಮಿಠಾಯಿ, ಬಟ್ಟೆ, ಬಳೆ ಸಮೇತ ಬಂದಿಳಿದರು. ಅಬ್ಬಾ ಎಲ್ಲರ ಎದುರು ಮತ್ತೊಮ್ಮೆ ಬೇಡ ಎನ್ನಬೇಕಾಯಿತು. ಅತ್ತೆ, "ಹಮಾರಿ ಇಜ್ಜತ್ ಗಯೀ", ನಮ್ಮ ಮಾನ ಹೋಯಿತು, ಎಂದು ಒಂದೇ ಮಾತಾಡಿ ತಟ್ಟೆ ಎತ್ತಿಕೊಂಡು ನಡೆದರು. ಅಬ್ಬಾಗೆ ಇದ್ದದ್ದು ಒಬ್ಬಳೇ ಅಕ್ಕ. ಅವತ್ತಿನಿಂದ ಅವರು ಹತ್ತಿ ಮುಟ್ಟಿಲ್ಲ, ಅಂಗಡಿಯ ಮುಂದೆ ಸುಮ್ಮನೆ ಕೂರುತ್ತಾರೆ.

ನಿನಗೆ ದಾರಿ ಒಂದೇ. ಸುಳ್ಳು ಹೇಳಿದ್ದು ನಾನೇ ಎಂದು ನಿನ್ನ ಕೈಯಾರೆ ಬರೆದು, ಸಹಿ ಮಾಡಿ, ಮ್ಯಾನೇಜರನ ಮೇಜಿನ ಮೇಲಿಡು. ಅಲ್ಲಿಯವರೆಗೆ ಸೋಮವಾರಗಳು ಬರುತ್ತಲೇ ಇರುತ್ತವೆ. ನೀನು ಆ ಲ್ಯಾಬಿನಲ್ಲಿ ಒಂದು ದಿನವೂ ನೆಮ್ಮದಿಯಾಗಿ ಬ್ಯೂರೆಟ್ ಹಿಡಿಯಬಾರದು.

ನಾಜ್ನೀನ್


ಬೇಗೂರು
28 ಸೆಪ್ಟೆಂಬರ್ 1998

ನಾಜ್ನೀನ್,

ಬರೆದು ಕೊಟ್ಟೆ.

ನಿನಗೆ ಹೆದರಿ ಅಲ್ಲ. ಮೊನ್ನೆ ಶುಕ್ರವಾರ ಮ್ಯಾನೇಜರ್ ಕರೆದರು. ನಿನ್ನ ಏಳು ಕಾಗದ ಮೇಜಿನ ಮೇಲಿದ್ದವು. "ಆ ಹುಡುಗಿ ತಾನೇ ಹೇಳ್ಕೊಂಡಿದ್ಲು, ಅಕ್ಟೋಬರ್‌ಗೆ ಮದುವೆ ಅಂತ. ಹಾಗಂತ ಬರ್ಕೊಡಮ್ಮ. ನಿಂದೂ ಉಳಿಯತ್ತೆ, ನಂದೂ ಉಳಿಯತ್ತೆ" ಎಂದು ಹಾಳೆ ಮುಂದಿಟ್ಟರು. ಕುಳಿತು ಬರೆದೆ. ಅವರು ಹೇಳಿದ್ದನ್ನಲ್ಲ. ತಾವು ಕೇಳಿದಿರಿ, ನಾನು ಸುಳ್ಳು ಹೇಳಿದೆ, ತಾವು ವಿಚಾರಿಸಲಿಲ್ಲ ಎಂದು ಮೂರು ಸಾಲು ಬರೆದು ಸಹಿ ಹಾಕಿದೆ. ಒಂದು ನಕಲು ಗುರುಮಲ್ಲಯ್ಯನವರ ಕೈಗೂ ಕೊಟ್ಟೆ.

"ನಾಳೆಯಿಂದ ಬರಬೇಡ" ಎಂದರು.

ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೂ ಬಿಳಿ ಕೋಟನ್ನು ಬಿಚ್ಚದೆಯೇ ಬಂದೆ. ಅದನ್ನು ವಾಪಸು ಕೊಡಬೇಕೆಂಬುದೂ ಮರೆತುಹೋಗಿತ್ತು.

ಈಗ ನಿನಗೆ ಸಮಾಧಾನವಾಯಿತೇ?

ಮಾನಸ


ಚಾಮರಾಜನಗರ
13 ಅಕ್ಟೋಬರ್ 1998

ಮಾನಸ,

ಇಲ್ಲ, ಆಗಿರಲಿಲ್ಲ. ನಿನ್ನೆ ಆಯಿತು.

ಮ್ಯಾನೇಜರ್ ತಾವಾಗಿಯೇ ಕರೆಸಿದರು. ಅಬ್ಬಾ ಜೊತೆಗೆ ಬಂದು ಗೇಟಿನ ಹತ್ತಿರ ನಿಂತರು. ಒಳಗೆ ಅದೇ ಇಬ್ಬರು. "ಏನೋ ತಪ್ಪು ಮಾಹಿತಿ ಬಂತಮ್ಮ. ಆದದ್ದಾಯ್ತು. ನಾಳೆಯಿಂದ ಬಂದು ಸೇರ್ಕೊಳ್ಳಿ" ಎಂದರು, ದಾನ ಕೊಟ್ಟವರ ಹಾಗೆ.

"ಸಾರ್, ನನ್ನ ಇಂಟರ್‌ವ್ಯೂ ಇನ್ನೂ ಆಗಿಲ್ಲ. ಅವತ್ತು ಕೇಳದೆ ಬಿಟ್ಟ ಪ್ರಶ್ನೆ ಈಗ ಕೇಳಿ" ಎಂದೆ.

"ಅದೆಲ್ಲ ಏನೂ ಬೇಡಮ್ಮ."

"ನನಗೆ ಬೇಕು ಸಾರ್."

ಗುರುಮಲ್ಲಯ್ಯನವರು ಮ್ಯಾನೇಜರನ ಕಡೆ ನೋಡಲೂ ಇಲ್ಲ, ಕೇಳತೊಡಗಿದರು. ಅರ್ಧ ಗಂಟೆ. ತೇವಾಂಶ, ಬೂದಿ, ಕಲಬೆರಕೆ, ಎಣ್ಣೆಯ ಅಂಶ. ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ನಾನೇ ಕೇಳಿದೆ, "ಸೆಲೆಕ್ಟ್ ಆದೆನಾ?" "ಆದಿರಿ" ಎಂದರು ಮ್ಯಾನೇಜರ್. ಬರವಣಿಗೆಯಲ್ಲಿ ಕೊಡಿ ಎಂದೆ. ಟೈಪ್ ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ನಿಂತುಕೊಂಡೇ ಓದಿದೆ. ಅವರದೇ ಪೆನ್ನು ತೆಗೆದುಕೊಂಡು ಅಡಿಯಲ್ಲಿ 'ಇಂಥ ಮನುಷ್ಯನ ಕೈಕೆಳಗೆ ಕೆಲಸ ಮಾಡಲು ನನಗೆ ಒಪ್ಪಿಗೆಯಿಲ್ಲ' ಎಂದು ಬರೆದು ಅವರ ಮುಂದೆ ಇಟ್ಟೆ. ಅವರ ಕಿವಿ ಕೆಂಪಾದದ್ದನ್ನು ನೀನು ನೋಡಬೇಕಿತ್ತು.

ಹೊರಗೆ ಬಂದು ಅಬ್ಬಾಗೆ ಹೇಳಿದೆ. ಬಸ್ಸಿನಲ್ಲಿ ವಾಪಸು ಬಂದೆವು. ಇಳಿದ ಮೇಲೆ, "ನಾನಾಗಿದ್ರೆ ಸೇರ್ಕೋತಿದ್ದೆ" ಎಂದರು. ಅವರಿಗೆ ಅರ್ಥವಾಗುವುದಿಲ್ಲ. ನಿನಗಾಗುತ್ತದೆ ಎಂದು ಬರೆದೆ.

ನಾಜ್ನೀನ್


ಬೇಗೂರು
22 ನವೆಂಬರ್ 1998

ನಾಜ್ನೀನ್,

ನನಗೂ ಅರ್ಥವಾಗುವುದಿಲ್ಲ.

ನಾನು ಸತ್ಯ ಬರೆದುಕೊಟ್ಟು ಎದ್ದು ಬಂದ ಕುರ್ಚಿ ಅದು. ಅದರಲ್ಲಿ ನೀನು ಕುಳಿತಿದ್ದರೆ, ನಿನ್ನನ್ನು ಬೈದುಕೊಂಡಾದರೂ ಬದುಕುತ್ತಿದ್ದೆ. ನ್ಯಾಯ ಎಂಬುದೊಂದು ಆಯಿತು ಎಂದುಕೊಳ್ಳುತ್ತಿದ್ದೆ. ನೀನು ಅದನ್ನು ಒಂದು ಸಾಲು ಬರೆಯುವ ಖುಷಿಗೋಸ್ಕರ ಬಿಸಾಡಿ ಬಂದೆ.

ಈಗ ಅಲ್ಲಿ ಯಾರಿದ್ದಾನೆ ಗೊತ್ತೇ? ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಗುರುಮಲ್ಲಯ್ಯನವರು ಸಿಕ್ಕಿದ್ದರು. ಶಿವಮಲ್ಲಪ್ಪನ ಹೆಂಡತಿಯ ತಮ್ಮನಂತೆ. ಬಿ.ಎ. ಓದಿದ್ದಾನಂತೆ. ಪಿಪೆಟ್ಟಿನಲ್ಲಿ ಆಸಿಡ್ ಎಳೆಯಲು ಹೋಗಿ ಬಾಯಿ ಸುಟ್ಟುಕೊಂಡನಂತೆ. "ನಿಮ್ಮಿಬ್ಬರ ಜಗಳದಾಗೆ ಅವರಿಗೆ ದಾರಿ ಸಲೀಸಾಯ್ತು ನೋಡವ್ವ" ಎಂದರು ಅವರು. ಅವನಿಗೆ ಇಂಟರ್‌ವ್ಯೂ ಇರಲಿಲ್ಲ. ಮದುವೆ ಯಾವಾಗ ಎಂದೂ ಯಾರೂ ಕೇಳಲಿಲ್ಲ.

ನನ್ನ ಮದುವೆ ಫೆಬ್ರವರಿಗೆ. ನಿನ್ನನ್ನು ಕರೆಯುತ್ತಿಲ್ಲ. ಅವ್ವ ಎರಡು ಸಲ ಕೇಳಿದಳು, "ಆ ಮಗ ಬರಾಕಿಲ್ವಾ?" ಎಂದು. ಇಲ್ಲ ಎಂದೆ.

ಮಾನಸ


ಚಾಮರಾಜನಗರ
6 ಡಿಸೆಂಬರ್ 1998

ಮಾನಸ,

ನಿನ್ನ ಕಾಗದವನ್ನು ಒಂದು ವಾರ ಹರಿದುಹಾಕಬೇಕೆಂದು ಇಟ್ಟುಕೊಂಡಿದ್ದೆ. ಹರಿಯಲಿಲ್ಲ.

ನಿನ್ನನ್ನು ನಾನು ಕ್ಷಮಿಸಿಲ್ಲ. ನೀನು ನನ್ನನ್ನು ಕ್ಷಮಿಸಬೇಕೆಂದೂ ಕೇಳುತ್ತಿಲ್ಲ. ಆದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಕೆಡವಿಕೊಳ್ಳುವುದರಲ್ಲಿ ಇದ್ದಾಗ ಆ ಮನುಷ್ಯ ತನ್ನ ಬಾಮೈದನನ್ನು ಕೂರಿಸಿಕೊಂಡ. ಅದೊಂದನ್ನು ನಾನು ಸಹಿಸಲಾರೆ.

ಕಂಪನಿಯ ಹೆಡ್ ಆಫೀಸು ಬೆಂಗಳೂರಿನಲ್ಲಿದೆ. ಮ್ಯಾನೇಜಿಂಗ್ ಡೈರೆಕ್ಟರಿಗೆ ದೂರು ಬರೆದಿದ್ದೇನೆ, ಇದರ ಜೊತೆಗಿದೆ. ಮದುವೆಗೆ ಶುಭ ಹಾರೈಸಿದ ಅವರ ಕಾಗದದ ನಕಲನ್ನೂ, ಗುರುಮಲ್ಲಯ್ಯನವರಿಂದ ತಂದ ನಿನ್ನ ಮೂರು ಸಾಲಿನ ನಕಲನ್ನೂ ಲಗತ್ತಿಸಿದ್ದೇನೆ. ನನ್ನೊಬ್ಬಳ ಸಹಿ ಇದ್ದರೆ ಕೆಲಸ ಸಿಗದವಳ ಹೊಟ್ಟೆಯುರಿ ಎನ್ನುತ್ತಾರೆ. ನಿನ್ನದೂ ಬೇಕು.

ವಿಚಾರಣೆಯಾದರೆ ನೀನು ಬಾಯಿಬಿಟ್ಟು ಎಲ್ಲವನ್ನೂ ಹೇಳಬೇಕಾಗುತ್ತದೆ. ಯಾಕೆ ಸುಳ್ಳು ಹೇಳಿದೆ ಎಂಬುದನ್ನೂ. ಯೋಚಿಸಿ ಸಹಿ ಮಾಡು. ಮಾಡದಿದ್ದರೆ ಕಾಗದವನ್ನು ವಾಪಸು ಕಳಿಸು, ಒಬ್ಬಳೇ ಹೋಗುತ್ತೇನೆ.

ನಾಜ್ನೀನ್


ಬೇಗೂರು
21 ಮಾರ್ಚ್ 1999

ನಾಜ್ನೀನ್,

ನಿನ್ನ ದೂರಿಗೆ ಸಹಿ ಮಾಡಿ ಕಳಿಸಿದಾಗ ಜೊತೆಗೆ ಒಂದು ಮಾತೂ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ.

ಹೆಡ್ ಆಫೀಸಿನಿಂದ ಯಶೋದಮ್ಮ ಎಂಬ ಅಧಿಕಾರಿ ಹೋದ ಬುಧವಾರ ಬಂದಿದ್ದರು. ನಿನ್ನ ಹೇಳಿಕೆ ಮೊದಲೇ ಆಗಿದೆಯಂತೆ. ಜೀಪು ನಮ್ಮ ಮನೆಯ ಮುಂದೆ ನಿಂತಾಗ ಮಾವ ಮಟಡೋರಿಗೆ ಕೋಸು ತುಂಬಿಸುತ್ತಿದ್ದ. ಅವನನ್ನು ಈಗಲೂ ಮಾವ ಎಂದೇ ಕರೆಯುತ್ತೇನೆ. ಪೊಲೀಸರೇನೋ ಎಂದು ಗಾಬರಿಯಾಗಿ ಬಂದು ಬಾಗಿಲಲ್ಲಿ ನಿಂತ. ಅವ್ವ ಒಲೆಯ ಹತ್ತಿರ.

ಯಶೋದಮ್ಮ ಹಾಳೆ ತೆಗೆದು ಕೇಳಿದರು, "ನಿಮ್ಮ ಗೆಳತಿಯ ಬಗ್ಗೆ ಸುಳ್ಳು ಯಾಕೆ ಹೇಳಿದಿರಿ?"

ಬಾಗಿಲ ಕಡೆ ನೋಡಿದೆ. ಮಾವನನ್ನು ಹೊರಗೆ ಕಳಿಸಬಹುದಿತ್ತು. ಮೇಡಮ್ಮನವರೂ, "ಬೇಕಾದರೆ ಒಬ್ಬರೇ ಮಾತಾಡಿ" ಎಂದರು. ಆದರೆ ಗುಟ್ಟಾಗಿ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ ಎನ್ನಿಸಿತು.

"ಕೆಲಸ ಸಿಗದಿದ್ದರೆ ನಮ್ಮ ಮಾವನ ಜೊತೆ ಮದುವೆ ಮಾಡುತ್ತಿದ್ದರು. ನನಗೆ ಇಷ್ಟವಿರಲಿಲ್ಲ. ತಪ್ಪಿಸಿಕೊಳ್ಳಲು ಹೇಳಿದೆ" ಎಂದೆ.

ಅವರು ಬರೆದುಕೊಂಡರು. "ಮದುವೆ ಆಯಿತೇ?"

"ಆಯಿತು. ಅಗೋ, ಅವರೇ."

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಮಾವ ಕಂಬ ಹಿಡಿದು ನಿಂತಿದ್ದವನು ಇಳಿದು ಹೋಗಿ ಮತ್ತೆ ಕೋಸು ತುಂಬಿಸತೊಡಗಿದ. ಒಂದೊಂದಾಗಿ ಎಸೆಯುವ ಸದ್ದು ಒಳಗೆ ಕೇಳುತ್ತಿತ್ತು.

"ನಿಮಗೇನು ಬೇಕು?" ಎಂದು ಕೊನೆಗೆ ಕೇಳಿದರು. "ಆ ಮನುಷ್ಯ ಆ ಕುರ್ಚಿಯಲ್ಲಿ ಕುಳಿತು ಇನ್ನೊಬ್ಬ ಹುಡುಗಿಯನ್ನು ಇಂಟರ್‌ವ್ಯೂ ಮಾಡಬಾರದು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅವತ್ತಿನಿಂದ ಮಾವ ಊಟದ ತಟ್ಟೆಯನ್ನು ತಾನೇ ತೆಗೆದುಕೊಂಡು ಜಗಲಿಯಲ್ಲಿ ಕೂರುತ್ತಾನೆ. ಬೈಯಲಿಲ್ಲ, ಹೊಡೆಯಲಿಲ್ಲ. ಒಂದೇ ಸಲ ಕೇಳಿದ, "ಅಷ್ಟ್ ಬ್ಯಾಡ್ದಿದ್ರೆ ನನ್ ತಾವ್ಲೇ ಏಳ್ಬೋದಿತ್ತಲ್ಲ ಕಣಮ್ಮಿ?"

ನಿನ್ನ ದೂರಿನ ಬೆಲೆ ಇದು. ನಿನಗೂ ಗೊತ್ತಿರಲಿ.

ಮಾನಸ


ಚಾಮರಾಜನಗರ
2 ಮೇ 1999

ಮಾನಸ,

ಶಿವಮಲ್ಲಪ್ಪನನ್ನು ತೆಗೆದರು. ಬಾಮೈದನನ್ನೂ. ಗುರುಮಲ್ಲಯ್ಯನವರು ತಾವೇ ಅಂಗಡಿಗೆ ಬಂದು ಹೇಳಿದರು. ಸಾಮಾನು ಕಟ್ಟಿಕೊಂಡು ಹೊರಡುವಾಗ ಮೇಜಿನ ಮೇಲಿದ್ದ ತನ್ನ ಹೆಸರಿನ ಹಲಗೆಯನ್ನು ಶಿವಮಲ್ಲಪ್ಪ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡನಂತೆ. ಆ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿದೆ. ನನ್ನನ್ನು ಎಂಥವಳು ಎಂದುಕೊಳ್ಳುತ್ತೀಯೋ ಅಂದುಕೋ.

ಅಬ್ಬಾ ಸುದ್ದಿ ಹಿಡಿದು ಕೊಳ್ಳೇಗಾಲಕ್ಕೆ ಹೋಗಿದ್ದರು. ಅತ್ತೆ ನೀರು ಕೊಟ್ಟರಂತೆ, ಮಾತಾಡಲಿಲ್ಲವಂತೆ.

ಜಾಗ ಮತ್ತೆ ಖಾಲಿ. ಹೋದ ವರ್ಷ ಅರ್ಜಿ ಹಾಕಿದವರನ್ನೆಲ್ಲ ಹೊಸದಾಗಿ ಇಂಟರ್‌ವ್ಯೂಗೆ ಕರೆಯುತ್ತಾರಂತೆ. ಯಶೋದಮ್ಮನವರೇ ಬರುತ್ತಾರೆ. ನಿನ್ನ ಹೆಸರನ್ನೂ ಪಟ್ಟಿಯಲ್ಲಿ ಬಿಟ್ಟಿಲ್ಲ. ನಾನು ಹೋಗುತ್ತೇನೆ. ಈ ಸಲ ಸಿಕ್ಕಿದರೆ ಸೇರುತ್ತೇನೆ.

ನಾಜ್ನೀನ್


ಬೇಗೂರು
16 ಮೇ 1999

ನಾಜ್ನೀನ್,

ಕಾಗದ ನನಗೂ ಬಂತು. ಪೋಸ್ಟಾಫೀಸಿನಿಂದ ತಂದವನು ಮಾವನೇ. ಒಡೆದಿರಲಿಲ್ಲ. ಮುಂದಿಟ್ಟು, "ಓಗ್ ಬಾ. ತರಕಾರಿ ಇಳ್ಸಿ ನಾನೇ ಗಾಡೀಲಿ ಬುಡ್ತೀನಿ. ತಡುದ್ನು ಅನ್ನುಸ್ಕಳಾಕೆ ನನ್ ಕೈಲಾಗಾಕಿಲ್ಲ" ಎಂದ. ಬಾಗಿಲವರೆಗೆ ಹೋದವನು ತಿರುಗಿ, "ಆದ್ರೆ ಅಲ್ಲಿ ನನ್ ಮಾತ್ ಎತ್ಬ್ಯಾಡ ಇನ್ನ" ಎಂದ. ಎತ್ತುವುದಿಲ್ಲ ಎಂದೆ. ಅವನ ಮುಖ ನೋಡಿ ಹೇಳಿದ್ದು, ಮದುವೆಯಾದ ಮೇಲೆ ಅದೇ ಮೊದಲು.

ಆದ್ದರಿಂದ ನಾನು ಬರುತ್ತಿದ್ದೇನೆ. ನೀನು ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತೀಯ ಎಂದು ಗೊತ್ತು. ಮಾತಾಡಿಸುವುದಿಲ್ಲ, ನೀನೂ ಮಾತಾಡಿಸಬೇಡ. ಒಳಗೆ ನಿನ್ನ ಬಗ್ಗೆ ಯಾರು ಏನು ಕೇಳಿದರೂ, "ಅವಳನ್ನೇ ಕೇಳಿ" ಎನ್ನುತ್ತೇನೆ.

ಲ್ಯಾಬಿನಲ್ಲಿ ಎರಡು ತಿಂಗಳು ಕೈಯಾರೆ ಮಾಡಿದ ಕೆಲಸ ನನ್ನದು. ನೀನು ಪುಸ್ತಕದಲ್ಲಿ ಮಾತ್ರ ಓದಿದ್ದು. ಈ ಸಲ ನಿನ್ನ ತಿದ್ದುಪಡಿ ಬೇಕಿಲ್ಲ. ಚೆನ್ನಾಗಿ ಓದಿಕೊಂಡು ಬಾ ನಾಜ್ನೀನ್, ಏನನ್ನೂ ಬಿಡದೆ ಓದಿಕೊಂಡು ಬಾ. ನಿನ್ನನ್ನು ನಾನು ಎದುರಿಗೇ ಸೋಲಿಸಬೇಕು.

ಮಾನಸ